ಐ5-12400, ರೈಜನ್ 5600ಜಿ, 7600: ಕಡಿಮೆ ಬಜೆಟ್ಟಿನ ಪಿಸಿಗೆ ಯಾವ ಪ್ರೊಸೆಸರ್, ಎಂಥ ರ‍್ಯಾಮ್?

ಗ್ರಾಫಿಕ್ಸ್ ಕಾರ್ಡ್ ಸದ್ಯಕ್ಕೆ ಬೇಡ, ದುಡ್ಡು ಲೆಕ್ಕದ್ದು, ಆದರೆ ನಾಲ್ಕೈದು ವರ್ಷ ಗೊಣಗದೆ ನಡೆಯುವ ಕಂಪ್ಯೂಟರ್ ಬೇಕು ಅಂದರೆ ನನ್ನ ಓಟು ಇಂಟೆಲ್ ಕೋರ್ ಐ5-12400ಕ್ಕೆ. ಅದರ ಜೊತೆ ಡಿಡಿಆರ್4 (ಡಿಡಿಆರ್5ಕ್ಕಿಂತ ಹಿಂದಿನ ತಲೆಮಾರಿನ ರ‍್ಯಾಮ್) ಮದರ್‌ಬೋರ್ಡ್, 3200 ವೇಗದ ಎರಡು ಸ್ಟಿಕ್. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದಿನ ಹೋಲಿಕೆ ತಕ್ಕಡಿ ಹಿಡಿದು ಬರೆದದ್ದಲ್ಲ. ಎದುರಿಗಿರುವವು ಎಎಂಡಿಯ ಮೂರು: ರೈಜನ್ 5 5600ಜಿ, ರೈಜನ್ 5 5600, ರೈಜನ್ 5 7600. ನಾಲ್ಕನ್ನೂ ಒಂದೇ ಥರದ ಕೆಲಸಕ್ಕೆ ಹಚ್ಚಿ ನೋಡಿದ್ದೇನೆ: ಬ್ರೌಸರಿನಲ್ಲಿ ರಾಶಿ ಟ್ಯಾಬ್, ದೊಡ್ಡ ಸ್ಪ್ರೆಡ್‌ಶೀಟ್, ಕೋಡ್ ಕಂಪೈಲ್, ಫೋಟೊ ತಿದ್ದುವುದು, ಸಂಜೆಗೆ ವಿಡಿಯೊ. ನಾಲ್ಕಕ್ಕೂ ಆರು ಕೋರ್, ಹನ್ನೆರಡು ಥ್ರೆಡ್, ಆದ್ದರಿಂದ ಕೋರ್ ಎಣಿಸುತ್ತ ಕೂರುವ ಅಗತ್ಯವಿಲ್ಲ. ಈ ಕೆಲಸಗಳಲ್ಲಿ 7600 ಎಲ್ಲಕ್ಕಿಂತ ಚುರುಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಚುರುಕಿಗೆ ತೆರುವ ಬೆಲೆ ಪ್ರೊಸೆಸರಿನ ಡಬ್ಬಿಯ ಮೇಲೆ ಬರೆದಿರುವಷ್ಟೇ ಅಲ್ಲ.

ಮೊದಲು ಹೆಸರಿನ ಬಾಲ ನೋಡಿ. 12400 ಬೇರೆ, 12400ಎಫ್ ಬೇರೆ. ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ, ಮದರ್‌ಬೋರ್ಡಿನ ಎಚ್‌ಡಿಎಂಐ ಕಿಂಡಿಗೆ ಕೇಬಲ್ ಚುಚ್ಚಿದರೆ ಪರದೆ ಕಪ್ಪಗೇ ಇರುತ್ತದೆ. ಎಎಂಡಿಯಲ್ಲಿ ಬಾಲದ ಲೆಕ್ಕ ಉಲ್ಟಾ: 5600ಜಿಗೆ ಗ್ರಾಫಿಕ್ಸ್ ಇದೆ, ಬರಿಯ 5600ಕ್ಕೆ ಇಲ್ಲ. ಅದೇ 7600ಕ್ಕೆ ಬಂದರೆ ಜಿ ಇಲ್ಲದಿದ್ದರೂ ಚಿಕ್ಕದೊಂದು ಗ್ರಾಫಿಕ್ಸ್ ಇದೆ, 7500ಎಫ್‌ಗೆ ಇಲ್ಲ. ಎಫ್ ತೆಗೆದುಕೊಂಡು ಸ್ವಲ್ಪ ಉಳಿಸಿ, ಆಮೇಲೆ ಚಿತ್ರ ಬರಲೆಂದು ಹಳೆಯ ಕಾರ್ಡ್ ಹುಡುಕಿದರೆ ಉಳಿದದ್ದೂ ಹೋಯಿತು. ಕಾರ್ಡ್ ಹಾಕುವವರಿಗೂ ಒಳಗಿನ ಗ್ರಾಫಿಕ್ಸ್ ಇರುವುದು ಅನುಕೂಲ. ಕಾರ್ಡ್ ಕೆಟ್ಟ ದಿನ ಮೆಷಿನ್ ನಿಲ್ಲುವುದಿಲ್ಲ, ದೋಷ ಎಲ್ಲಿದೆ ಎಂದು ಹುಡುಕುವುದೂ ಸುಲಭ.

5600ಜಿ ನಿಜವಾಗಿ ಹತ್ತಿರದ ಸ್ಪರ್ಧಿ. ಕಾರ್ಡ್ ಇಲ್ಲದೆ ಹಗುರವಾದ ಗೇಮ್ ಆಡಬೇಕು ಅನ್ನುವವರು ಮುಂದೆ ಓದದೆ ಅದನ್ನೇ ತೆಗೆದುಕೊಳ್ಳಬಹುದು. ಅದರ ವೆಗಾ 7 ಗ್ರಾಫಿಕ್ಸಿನ ಮುಂದೆ 12400ದ ಯುಎಚ್‌ಡಿ 730 ಏನೇನೂ ಅಲ್ಲ. ಗೇಮ್ ಬೇಡ ಅನ್ನುವವರಿಗೆ ಮಾತ್ರ ಮೂರು ಕೊರತೆ ಕಾಣುತ್ತವೆ.

ಒಂದು, ವಿಡಿಯೊ. ವೆಗಾಕ್ಕೆ ಎವಿ1 ಕೋಡೆಕ್ (ವಿಡಿಯೊ ಕುಗ್ಗಿಸುವ ಒಂದು ವಿಧಾನ) ಡಿಕೋಡ್ ಮಾಡುವ ಹಾರ್ಡ್‌ವೇರ್ ಇಲ್ಲ, ಯುಎಚ್‌ಡಿ 730ಕ್ಕೆ ಇದೆ. ಯೂಟ್ಯೂಬ್‌ನಲ್ಲಿ ವಿಡಿಯೊ ಮೇಲೆ ರೈಟ್ ಕ್ಲಿಕ್ ಮಾಡಿ ‘ಸ್ಟಾಟ್ಸ್ ಫಾರ್ ನರ್ಡ್ಸ್’ ತೆರೆದು ನೋಡಿ. ಕೋಡೆಕ್ ಸಾಲಿನಲ್ಲಿ ಎವಿ01 ಎಂದಿದ್ದರೆ 5600ಜಿಯಲ್ಲಿ ಆ ಭಾರವೆಲ್ಲ ಪ್ರೊಸೆಸರ್ ಕೋರ್‌ಗಳ ಮೇಲೆ. ಆರು ಕೋರ್ ಇರುವುದರಿಂದ ಚಿತ್ರ ತಡವರಿಸುವುದಿಲ್ಲ, ಆದರೆ 4ಕೆ ಹಾಕಿದ ಕೂಡಲೆ ಫ್ಯಾನಿನ ಸದ್ದು ಏರುತ್ತದೆ. ಎರಡು, ಎಲ್3 ಕ್ಯಾಶ್, ಅಂದರೆ ಪ್ರೊಸೆಸರಿನೊಳಗಿನ ಚುರುಕು ಮೆಮೊರಿ. 5600ಕ್ಕೆ 32 ಎಂಬಿ ಇದ್ದರೆ 5600ಜಿಗೆ ಅದರರ್ಧ, 16 ಎಂಬಿ. 12400ಕ್ಕೆ 18 ಎಂಬಿ. ಮೂರು, ಇದೇ ಮುಖ್ಯ: 5600ಜಿಯಲ್ಲಿ ಪಿಸಿಐ ಎಕ್ಸ್‌ಪ್ರೆಸ್ 3.0 ಮಾತ್ರ, ಬೋರ್ಡ್ 4.0 ಬಲ್ಲ ಬಿ550 ಆದರೂ ಸರಿ. ಗ್ರಾಫಿಕ್ಸ್ ಕಾರ್ಡ್ ಪ್ರೊಸೆಸರಿನ ಜೊತೆ ಮಾತಾಡುವ ದಾರಿ ಇದು. ಮುಂದೆ ಅಗ್ಗದ ಕಾರ್ಡ್ ಹಾಕಿದಾಗ ಪೆಟ್ಟು ಬೀಳುವುದು ಇಲ್ಲಿಯೇ. ಆರ್‌ಎಕ್ಸ್ 6500 ಎಕ್ಸ್‌ಟಿಯಂಥ ಕಾರ್ಡಿಗೆ ನಾಲ್ಕೇ ಲೇನ್. 4.0ರಲ್ಲಿ ಅದು ಹೇಗೋ ಸಾಗುತ್ತದೆ, 3.0ರಲ್ಲಿ ದಾರಿ ಅರ್ಧಕ್ಕೆ ಕಿರಿದಾಗಿ ಕಾರ್ಡಿನ 4 ಜಿಬಿ ಮೆಮೊರಿ ತುಂಬಿದ ತಕ್ಷಣ ಮುಗ್ಗರಿಸುತ್ತದೆ. ರೈಜನ್ 5 5500 ಕೂಡ ಇದೇ ಚಿಪ್ಪಿನದು, ಗ್ರಾಫಿಕ್ಸ್ ಮುಚ್ಚಿದ್ದು ಅಷ್ಟೆ. ಬೆಲೆ ನೋಡಿ ಮರುಳಾಗಬೇಡಿ.

5600: ಮೊದಲ ದಿನವೇ ಕಾರ್ಡ್ ಹಾಕುವವರಿಗೆ ಚೆನ್ನ. ಉಳಿದವರಿಗೆ ಅಲ್ಲ.

5600, 5600ಜಿ ಕೂರುವ ಎಎಂ4 ಸಾಕೆಟ್ಟಿನ ಬೋರ್ಡುಗಳಲ್ಲಿ ಬಯೋಸ್ (ಬೋರ್ಡನ್ನು ಎಬ್ಬಿಸುವ ಸಾಫ್ಟ್‌ವೇರ್) ತಕರಾರೊಂದಿದೆ. ಬಿ450 ಬೋರ್ಡ್ ಹುಟ್ಟಿದ್ದು ಈ ಪ್ರೊಸೆಸರುಗಳಿಗಿಂತ ಮೊದಲು. ಹಳೆಯ ದಾಸ್ತಾನಿನ ಬೋರ್ಡ್ ಸಿಕ್ಕಿದರೆ ಹೊಸ ಬಯೋಸ್ ಹಾಕದೆ 5600 ಸರಣಿ ಬೂಟ್ ಆಗುವುದಿಲ್ಲ. ಹಿಂಬದಿಯಲ್ಲಿ ಫ್ಲ್ಯಾಶ್‌ಬ್ಯಾಕ್ ಬಟನ್ ಇದ್ದರೆ ಪೆನ್‌ಡ್ರೈವ್ ಸಾಕು, ಪ್ರೊಸೆಸರೇ ಬೇಡ. ಇಲ್ಲದಿದ್ದರೆ ಯಾರ ಹತ್ತಿರವಾದರೂ ಹಳೆಯ ರೈಜನ್ ಇದೆಯೇ ಎಂದು ಕೇಳಿಕೊಂಡು ಓಡಾಡಬೇಕು. 12400ಕ್ಕೆ ಈ ರಗಳೆ ಇಲ್ಲ. ಎಚ್610, ಬಿ660, ಬಿ760 ಬೋರ್ಡುಗಳಲ್ಲಿ ಯಾವುದಾದರೂ ಡಬ್ಬಿಯಿಂದ ತೆಗೆದ ಹಾಗೇ ನಡೆಯುತ್ತದೆ.

ಇನ್ನು 7600. ಅದು ಕೂರುವ ಎಎಂ5 ಸಾಕೆಟ್‌ಗೆ 2027 ದಾಟಿದ ಮೇಲೂ ಹೊಸ ಪ್ರೊಸೆಸರ್ ಕೊಡುತ್ತೇವೆ ಎಂದು ಎಎಂಡಿ ಹೇಳಿದೆ. ಎರಡು ವರ್ಷಕ್ಕೊಮ್ಮೆ ಪ್ರೊಸೆಸರ್ ಬದಲಾಯಿಸುವ ಚಟ ಇರುವವರಿಗೆ ಅದು ದೊಡ್ಡ ಮಾತು. ಒಮ್ಮೆ ಜೋಡಿಸಿ ಸಾಯುವ ತನಕ ಬಳಸುವವರಿಗೆ ಮೂಗಿಗಿಂತ ಮೂಗುತಿ ಭಾರ. ಬೋರ್ಡ್ ದುಬಾರಿ, ರ‍್ಯಾಮ್ ಡಿಡಿಆರ್5 ಮಾತ್ರ, ಹಳೆಯ ಕಂಪ್ಯೂಟರಿನ ಡಿಡಿಆರ್4 ಸ್ಟಿಕ್ ಯಾವುದಕ್ಕೂ ಬಾರದು. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿ ಬೆಲೆ ಜಿಗಿದ ಮೇಲಂತೂ ಈ ಕೊನೆಯ ಅಂಶವೇ ಬಜೆಟ್ ತೀರ್ಮಾನಿಸುತ್ತದೆ. ಚಿಪ್ ಕಾರ್ಖಾನೆಗಳು ಎಐ ಸರ್ವರುಗಳ ಕಡೆ ತಿರುಗಿ ನಿಂತಿವೆ, ಮನೆಯ ಪಿಸಿಗೆ ಉಳಿದದ್ದು ಸಿಗುತ್ತದೆ. ಡಿಡಿಆರ್4 ಕೂಡ ಅಗ್ಗವಾಗಿ ಉಳಿದಿಲ್ಲ, ಆದರೆ ಅದು ಹಳೆಯ ಮೆಷಿನ್ನುಗಳಲ್ಲಿ ಬೇಕಾದಷ್ಟಿದೆ. ಮನೆಯಲ್ಲೇ ಎರಡು ಸರಿಯಾದ ಸ್ಟಿಕ್ ಬಿದ್ದಿದ್ದರೆ 12400ದ ಒಟ್ಟು ಖರ್ಚು ಪ್ರೊಸೆಸರ್ ಮತ್ತು ಬೋರ್ಡಿಗೆ ಇಳಿದುಬಿಡುತ್ತದೆ.

7600 ತೆಗೆದುಕೊಂಡೇ ತೀರುವವರಿಗೆ ಒಂದು ಎಚ್ಚರಿಕೆ. ಮೊದಲ ಸಲ ಪವರ್ ಒತ್ತಿದಾಗ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಗಿರುತ್ತದೆ, ಬೋರ್ಡಿನ ಡಿರ‍್ಯಾಮ್ ದೀಪ ಉರಿಯುತ್ತಲೇ ಇರುತ್ತದೆ. ಅದು ಕೆಟ್ಟಿಲ್ಲ, ಮೆಮೊರಿ ಟ್ರೇನಿಂಗ್ ನಡೆಸುತ್ತಿದೆ, ಅಂದರೆ ಸ್ಟಿಕ್ಕುಗಳಿಗೆ ಹೊಂದುವ ಟೈಮಿಂಗ್ ಹುಡುಕುತ್ತಿದೆ. ಹಲವು ನಿಮಿಷ ಹಿಡಿಯಬಹುದು. ನಡುವೆ ಸ್ವಿಚ್ ಆರಿಸಿದರೆ ಮತ್ತೆ ಮೊದಲಿನಿಂದ.

ಈಗ ರ‍್ಯಾಮ್ ವಿಷಯ. ಪ್ರೊಸೆಸರ್ ಆರಿಸಲು ವಾರಗಟ್ಟಲೆ ತಲೆ ಕೆಡಿಸಿಕೊಂಡವರು ರ‍್ಯಾಮ್ ಬಂದಾಗ ‘16 ಜಿಬಿ, 3200’ ಎಂದು ಹೇಳಿ ಮುಗಿಸುತ್ತಾರೆ. ಎಡವುವುದು ಇಲ್ಲಿ. ಇಡೀ ಜೋಡಣೆಯಲ್ಲಿ ನನಗೆ ಅತಿ ಹೆಚ್ಚು ಕಿರಿಕಿರಿ ಮಾಡಿದ ಸಂಗತಿ ಇದು, ಆದ್ದರಿಂದ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಒಂದು 16 ಜಿಬಿ ಸ್ಟಿಕ್ಕಿಗಿಂತ ಎರಡು 8 ಜಿಬಿ ಮೇಲು ಎಂಬುದು ಬಹಳ ಜನರಿಗೆ ಗೊತ್ತು. ಡಿಡಿಆರ್4-3200ರ ಒಂದು ಚಾನೆಲ್ (ಮೆಮೊರಿಯಿಂದ ಪ್ರೊಸೆಸರಿಗೆ ಇರುವ ದಾರಿ) ಸೆಕೆಂಡಿಗೆ 25.6 ಜಿಬಿ ಸಾಗಿಸುತ್ತದೆ, ಎರಡಾದರೆ 51.2. ಒಳಗಿನ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲ, ಅದೂ ಇದೇ ದಾರಿಯಲ್ಲಿ ಬರಬೇಕು. 5600ಜಿಗೆ ಒಂದೇ ಸ್ಟಿಕ್ ಹಾಕಿ ಗೇಮ್ ಆಡಿದರೆ ವೆಗಾ 7ಕ್ಕೆ ದುಡ್ಡು ಕೊಟ್ಟದ್ದೇ ದಂಡ. 12400ದಲ್ಲಿ ಕಚೇರಿ ಕೆಲಸಕ್ಕೆ ವ್ಯತ್ಯಾಸ ಅಷ್ಟು ಕಾಣದು. ಫೋಟೊ ಎಕ್ಸ್‌ಪೋರ್ಟ್, ದೊಡ್ಡ ಫೈಲಿನ ಜಿಪ್, 4ಕೆ ಮಾನಿಟರ್ ಇವು ಬಂದಾಗ ಕಾಣುತ್ತದೆ.

ಹೆಚ್ಚಿನವರಿಗೆ ಗೊತ್ತಿಲ್ಲದ್ದು ಸ್ಟಿಕ್ಕಿನ ಮೇಲಿರುವ ಚಿಪ್ಪುಗಳ ಜೋಡಣೆ. 8 ಜಿಬಿಯ ಎರಡು ಸ್ಟಿಕ್ ಎದುರಿಗಿಟ್ಟುಕೊಳ್ಳಿ. ಎರಡರ ಮೇಲೂ ಡಿಡಿಆರ್4-3200 ಎಂದೇ ಇದೆ, ಬೆಲೆಯೂ ಹೆಚ್ಚುಕಡಿಮೆ ಒಂದೇ. ಒಂದರ ಮೇಲೆ ಎಂಟು ಕರಿ ಚಿಪ್, ಇನ್ನೊಂದರ ಮೇಲೆ ನಾಲ್ಕೇ ನಾಲ್ಕು, ಆದರೆ ದೊಡ್ಡವು. ಸ್ಟಿಕ್ಕರಿನಲ್ಲಿ ಮೊದಲನೆಯದಕ್ಕೆ 1ಆರ್‌ಎಕ್ಸ್8 ಎಂದೂ ಎರಡನೆಯದಕ್ಕೆ 1ಆರ್‌ಎಕ್ಸ್16 ಎಂದೂ ಮುದ್ರಿಸಿರುತ್ತಾರೆ. ಒಂದು ಚಾನೆಲ್‌ಗೆ 64 ಬಿಟ್ ಬೇಕು. ಎಂಟು ಬಿಟ್‌ನ ಚಿಪ್ ಎಂಟು ಹಾಕಿದರೂ 64, ಹದಿನಾರು ಬಿಟ್‌ನದು ನಾಲ್ಕು ಹಾಕಿದರೂ 64. ಸಾಮರ್ಥ್ಯ ಸರಿ, ಗಡಿಯಾರದ ವೇಗ ಸರಿ, ಬಯೋಸ್‌ನಲ್ಲಿ ತೋರಿಸುವುದೂ ಸರಿ.

ಸರಿಯಿಲ್ಲದ್ದು ಒಳಗಿನ ಬ್ಯಾಂಕ್ ಗುಂಪುಗಳು, ಅಂದರೆ ಚಿಪ್ಪಿನೊಳಗಿನ ಮೆಮೊರಿ ವಿಭಾಗಗಳು. ಡಿಡಿಆರ್4ರಲ್ಲಿ ಎಂಟು ಬಿಟ್ ಚಿಪ್ಪಿಗೆ ನಾಲ್ಕು ಬ್ಯಾಂಕ್ ಗುಂಪು, ಹದಿನಾರು ಬಿಟ್ ಚಿಪ್ಪಿಗೆ ಎರಡೇ. ಒಂದು ಗುಂಪಿನಿಂದ ಓದಿ ತಕ್ಷಣ ಬೇರೆ ಗುಂಪಿಗೆ ಹೋದರೆ ನಾಲ್ಕು ಕ್ಲಾಕ್ ಅಂತರ ಸಾಕು. ಅದೇ ಗುಂಪಿನಿಂದ ಮತ್ತೆ ಓದಬೇಕೆಂದರೆ ಅದಕ್ಕಿಂತ ಹೆಚ್ಚು ಕಾಯಬೇಕು. ಗುಂಪು ನಾಲ್ಕಿದ್ದರೆ ಪ್ರೊಸೆಸರಿನಲ್ಲಿರುವ ಮೆಮೊರಿ ಕಂಟ್ರೋಲರ್ ಒಂದಾದ ಮೇಲೆ ಒಂದಕ್ಕೆ ಹಾರುತ್ತ ಈ ಕಾಯುವಿಕೆಯನ್ನು ಮುಚ್ಚಿಹಾಕುತ್ತದೆ. ಎರಡೇ ಇದ್ದಾಗ ಆ ಅವಕಾಶ ಕಡಿಮೆ. ಅದರಿಂದಲೇ 3200 ಎಂದು ಬರೆದಿದ್ದರೂ ನಾಲ್ಕು ಚಿಪ್ಪಿನ ಸ್ಟಿಕ್ ಎಂಟು ಚಿಪ್ಪಿನದಕ್ಕೆ ಸಮ ಬರುವುದಿಲ್ಲ. ಕೊರತೆ ಮೊದಲು ಕಾಣುವುದು ಒಳಗಿನ ಗ್ರಾಫಿಕ್ಸಿನಲ್ಲಿ, ಅಂದರೆ ಬಜೆಟ್ ಮೆಷಿನ್ನಿನಲ್ಲೇ.

ಪತ್ತೆ ಮಾಡುವುದು ಹೇಗೆ? ಬರಿಯ ಹಸಿರು ಅಥವಾ ಕಪ್ಪು ಪಟ್ಟಿಯ ಸ್ಟಿಕ್ ಆದರೆ ಚಿಪ್ ಎಣಿಸಿದರೆ ಮುಗಿಯಿತು. ಹಿಂದೆಯೂ ತಿರುಗಿಸಿ ನೋಡಿ. ಎರಡೂ ಬದಿಯಲ್ಲಿ ಎಂಟೆಂಟು ಇದ್ದರೆ 2ಆರ್‌ಎಕ್ಸ್8, ಅದು ಇನ್ನೂ ಒಳ್ಳೆಯದು, 16 ಜಿಬಿ ಸ್ಟಿಕ್ಕುಗಳಲ್ಲಿ ಸಿಗುತ್ತದೆ. ತೊಂದರೆ ಬರುವುದು ಅಲ್ಯೂಮಿನಿಯಂ ಕವಚ ಹೊದ್ದ ಸ್ಟಿಕ್ಕುಗಳಲ್ಲಿ. ಕವಚ ಕಿತ್ತರೆ ವಾರಂಟಿ ಹೋಗುತ್ತದೆ, ಚಿಪ್ಪೂ ಕಿತ್ತುಬರಬಹುದು. ಪಾರ್ಟ್ ನಂಬರ್ ಹಿಡಿದು ತಯಾರಕರ ಡೇಟಾಶೀಟ್ ತೆಗೆಯಿರಿ, 1ಆರ್‌ಎಕ್ಸ್8 ಎಂದು ಹೇಳಿದ್ದರೆ ಒಳ್ಳೆಯದು. ಏನೂ ಹೇಳಿಲ್ಲದಿದ್ದರೆ ಅದನ್ನು ಬಿಟ್ಟು ಹೇಳಿರುವುದನ್ನು ಕೊಳ್ಳಿ. ಮನೆಗೆ ಬಂದ ಮೇಲೆ ಲಿನಕ್ಸ್‌ನಲ್ಲಿ ಐ2ಸಿ-ಟೂಲ್ಸ್ ಪ್ಯಾಕೇಜಿನ ಡಿಕೋಡ್-ಡಿಮ್ಸ್ ಓಡಿಸಿದರೆ ಚಿಪ್ಪಿನ ಅಗಲ 8 ಬಿಟ್ಟೋ 16 ಬಿಟ್ಟೋ ನೇರವಾಗಿ ತೋರಿಸುತ್ತದೆ. ಹಿಂದಿರುಗಿಸುವ ಗಡುವು ಮುಗಿಯುವ ಮೊದಲೇ ನೋಡಿ.

ಇದೇ ಕಾರಣಕ್ಕೆ ಎರಡು ಸ್ಟಿಕ್ ಬೇರೆ ಬೇರೆಯಾಗಿ ಕೊಳ್ಳುವುದಕ್ಕಿಂತ ಒಂದೇ ಡಬ್ಬಿಯ ಜೋಡಿ ಕಿಟ್ ಮೇಲು. ಹೊರಗಿನ ಹೆಸರು ಬದಲಾಗದೆ ಒಳಗಿನ ಚಿಪ್ ಬದಲಾಗುವುದು ಈ ವ್ಯಾಪಾರದಲ್ಲಿ ಮಾಮೂಲು. ಬೆರಕೆ ಜೋಡಿ ಬೂಟ್ ಆಗುವುದಿಲ್ಲ ಎಂದಲ್ಲ, ಆದರೆ ಎರಡೂ ನಿಧಾನದ್ದರ ಟೈಮಿಂಗ್‌ಗೆ ಇಳಿಯುತ್ತವೆ.

ಡಿಡಿಆರ್5 ಆದರೆ ಪಾರಾದೆವು ಎಂದುಕೊಳ್ಳಬೇಡಿ. ಡಿಡಿಆರ್5ರ 8 ಜಿಬಿ ಸ್ಟಿಕ್ ಅಂದರೇ ಹದಿನಾರು ಬಿಟ್‌ನ ನಾಲ್ಕು ಚಿಪ್. 7600ಕ್ಕೆ ಕನಿಷ್ಠ ಎರಡು 16 ಜಿಬಿ ಹಾಕಿದರೇ ಅದರ ಶಕ್ತಿ ಹೊರಬರುವುದು. ‘ಈಗ ಎರಡು, ಮುಂದೆ ಇನ್ನೆರಡು’ ಎಂಬ ಹಳೆಯ ಉಪಾಯವೂ ಅಲ್ಲಿ ನಡೆಯದು. ರೈಜನ್ 7000 ಸರಣಿಗೆ ಎರಡು ಸ್ಟಿಕ್ ಇದ್ದಾಗ ಅಧಿಕೃತ ವೇಗ 5200, ನಾಲ್ಕಾದರೆ 3600. 12400 ಮತ್ತು 5600ಜಿಯ ಡಿಡಿಆರ್4 ಬೋರ್ಡುಗಳಲ್ಲಿ ನಾಲ್ಕು ಸ್ಟಿಕ್ ಇಷ್ಟು ಕಾಟ ಕೊಡುವುದಿಲ್ಲ.

ವೇಗ ಎಷ್ಟು ಬೇಕು? 12400ಕ್ಕೆ 3200 ಸಿಎಲ್16 ಸಾಕು (ಸಿಎಲ್ ಅಂದರೆ ಕೇಳಿದ್ದನ್ನು ಕೊಡಲು ಮೆಮೊರಿ ತೆಗೆದುಕೊಳ್ಳುವ ಕ್ಲಾಕ್‌ಗಳ ಎಣಿಕೆ), ಅದಕ್ಕಿಂತ ಮೇಲಿನದಕ್ಕೆ ದುಡ್ಡು ಹಾಕಬೇಡಿ. ಕೆ ಬಾಲವಿಲ್ಲದ ಈ ಪ್ರೊಸೆಸರಿನಲ್ಲಿ ಮೆಮೊರಿ ಕಂಟ್ರೋಲರಿಗೆ ಹೋಗುವ ಎಸ್ಎ ವೋಲ್ಟೇಜ್ ಬೀಗ ಹಾಕಿದ್ದು. 3600ರ ಕಿಟ್ ಹಾಕಿ, ಅದನ್ನು ಬರೆದ ವೇಗಕ್ಕೆ ಓಡಿಸುವ ಬಯೋಸ್ ಸೆಟ್ಟಿಂಗ್ ಆದ ಎಕ್ಸ್‌ಎಂಪಿ ಆನ್ ಮಾಡಿದರೆ ಎರಡರಲ್ಲಿ ಒಂದು ಆಗುವ ಸಂಭವ ಹೆಚ್ಚು. ಒಂದೋ ಮೆಷಿನ್ ಮೂರ್ನಾಲ್ಕು ಸಲ ತಾನೇ ಆರಿ ಹತ್ತಿ ಕೊನೆಗೆ ಕಡಿಮೆ ವೇಗಕ್ಕೆ ಮರಳುತ್ತದೆ. ಇಲ್ಲವೇ ಬಯೋಸ್ ಸದ್ದಿಲ್ಲದೆ ಗೇರ್ 2ಕ್ಕೆ ಹೋಗುತ್ತದೆ, ಅಂದರೆ ಕಂಟ್ರೋಲರ್ ಮೆಮೊರಿಯ ಅರ್ಧ ವೇಗದಲ್ಲಿ ಓಡುತ್ತದೆ. ಟಾಸ್ಕ್ ಮ್ಯಾನೇಜರ್ 3600 ಎಂದು ತೋರಿಸುತ್ತಿರುತ್ತದೆ, ವಿಳಂಬ ಮಾತ್ರ 3200 ಗೇರ್ 1ಕ್ಕಿಂತ ಜಾಸ್ತಿ. ರೈಜನ್ 5600 ಸರಣಿಯಲ್ಲಿ 3600 ಸಲೀಸು, ಇದೊಂದು ಅಂಕ ಎಎಂಡಿಗೆ.

ಸಿಎಲ್ ಅಂಕಿಯನ್ನು ಹಾಗೇ ಹೋಲಿಸಬಾರದು. ಸಿಎಲ್ ಅನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿದರೆ ನ್ಯಾನೊಸೆಕೆಂಡ್ ಬರುತ್ತದೆ. 3200 ಸಿಎಲ್16ಕ್ಕೆ 10. 3600 ಸಿಎಲ್18ಕ್ಕೂ 10. ಡಿಡಿಆರ್5-6000 ಸಿಎಲ್30ಕ್ಕೂ 10. ಅಗ್ಗದ ಡಿಡಿಆರ್5-4800 ಸಿಎಲ್40ಕ್ಕೆ 16.7. ಡಿಡಿಆರ್5 ಎಂಬ ಹೆಸರಿಗೆ ಕಡಿಮೆ ದರ್ಜೆಯದನ್ನು ಕೊಳ್ಳುವುದಕ್ಕಿಂತ ಒಳ್ಳೆಯ ಡಿಡಿಆರ್4 ವಾಸಿ ಎನ್ನುವುದು ಈ ಲೆಕ್ಕದಿಂದ. ಕವಚವಿಲ್ಲದ 3200 ಸಿಎಲ್22 ಸ್ಟಿಕ್ಕುಗಳೂ ಇವೆ, 13.75 ನ್ಯಾನೊಸೆಕೆಂಡ್. ಅವುಗಳಿಗೆ ಎಕ್ಸ್‌ಎಂಪಿ ಗೊಡವೆ ಇಲ್ಲ, ಚುಚ್ಚಿದ ಕೂಡಲೆ 1.2 ವೋಲ್ಟಿನಲ್ಲಿ 3200ಕ್ಕೆ ಓಡುತ್ತವೆ. ಕಚೇರಿ ಕೆಲಸದ ಮೆಷಿನ್‌ಗೆ ಧಾರಾಳ ಸಾಕು.

ಬೋರ್ಡ್ ಕೊಳ್ಳುವಾಗ ಡಿಡಿಆರ್4ರದ್ದೋ 5ರದ್ದೋ ಎಂದು ಎರಡು ಸಲ ನೋಡಿ. 12400 ಕೂರುವ ಎಲ್‌ಜಿಎ1700 ಸಾಕೆಟ್‌ಗೆ ಎರಡೂ ಬಗೆ ಇವೆ, ಹೆಸರಿನಲ್ಲಿ ವ್ಯತ್ಯಾಸ ಬರೀ ಡಿ4 ಎಂಬ ಬಾಲ, ಕೆಲವಕ್ಕೆ ಅದೂ ಇಲ್ಲ. ಸ್ಟಿಕ್ಕಿನ ಕಚ್ಚು ಬೇರೆ ಜಾಗದಲ್ಲಿರುವುದರಿಂದ ತಪ್ಪಿದರೆ ಕೂರುವುದೇ ಇಲ್ಲ. ಒತ್ತಿ ಕೂರಿಸಲು ಹೋಗಬೇಡಿ.

ಎಚ್610ಕ್ಕೆ ಎರಡೇ ಸ್ಲಾಟ್, ರ‍್ಯಾಮ್ 3200 ದಾಟದು, ಎಂ.2 ಎಸ್ಎಸ್‌ಡಿ 3.0 ವೇಗದಲ್ಲೇ ಓಡುತ್ತದೆ. ಇವೆಲ್ಲ ಒಪ್ಪಿಗೆಯಾದರೆ ಅದೇ ಸಾಕು. ಎರಡೇ ಸ್ಲಾಟ್ ಅಂದರೆ ಈಗಿನ ಎರಡು 8 ಜಿಬಿ ಮುಂದೆ ಎತ್ತಿಡಬೇಕಾದವು ಎಂಬುದು ನೆನಪಿರಲಿ. ನಾಲ್ಕು ಸ್ಲಾಟಿನ ಬಿ660 ಅಥವಾ ಬಿ760ಕ್ಕೆ ಕೊಡುವ ಹೆಚ್ಚಿನ ದುಡ್ಡು ಆಗ ವಸೂಲಿ. ವರ್ಚುವಲ್ ಮೆಷಿನ್, ದೊಡ್ಡ ಫೋಟೊ ಎಂದೆಲ್ಲ ಇದ್ದು 32 ಜಿಬಿ ಈಗಲೇ ಬೇಕು, ಬಜೆಟ್ ಸಾಲದು ಅನ್ನುವವರಿಗೆ ನನ್ನ ಸಲಹೆ: ಪ್ರೊಸೆಸರನ್ನು ಐ3-12100ಕ್ಕೆ ಇಳಿಸಿ, ರ‍್ಯಾಮ್ ಇಳಿಸಬೇಡಿ. ನಾಲ್ಕು ಕೋರ್, ಎಂಟು ಥ್ರೆಡ್, ಅದೇ ಯುಎಚ್‌ಡಿ 730, ಅದೇ ಬೋರ್ಡ್. ರ‍್ಯಾಮ್ ತುಂಬಿ ಎಸ್ಎಸ್‌ಡಿಗೆ ಉಕ್ಕಿದ ಮೇಲೆ ಆರು ಕೋರ್ ಇದ್ದೂ ಏನು ಪ್ರಯೋಜನ? 8 ಜಿಬಿ ಮಾತ್ರ ಯಾರಿಗೂ ಹೇಳಲಾರೆ, ಒಳಗಿನ ಗ್ರಾಫಿಕ್ಸ್ ಅದರಲ್ಲೇ ಪಾಲು ಕೇಳುತ್ತದೆ.

ಕೂರಿಸುವ ಕ್ರಮ ಹೀಗೆ. ನಾಲ್ಕು ಸ್ಲಾಟಿನ ಬೋರ್ಡ್ ಆದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು, ನಾಲ್ಕನೆಯದು. ಬೋರ್ಡಿನ ಮೇಲೆ ಎ2, ಬಿ2 ಎಂದಿರುತ್ತದೆ. ಅಕ್ಕಪಕ್ಕದ ಸ್ಲಾಟಿಗೆ ಹಾಕಿದರೆ ಎರಡೂ ಒಂದೇ ಚಾನೆಲ್ ಪಾಲು. ‘ಟಕ್’ ಎಂದು ಲಾಕ್ ಬೀಳುವ ತನಕ ಒತ್ತಿ. ಬೂಟ್ ಆಗುವಾಗ ಡೆಲ್ ಅಥವಾ ಎಫ್2 ಒತ್ತಿ ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ ಆನ್ ಮಾಡಿ. ಮಾಡದಿದ್ದರೆ 3200ರ ಕಿಟ್ 2133ರಲ್ಲೋ 2666ರಲ್ಲೋ ವರ್ಷಗಟ್ಟಲೆ ಓಡುತ್ತಿರುತ್ತದೆ, ಯಾರೂ ಕೇಳುವುದಿಲ್ಲ. ಆಮೇಲೆ ಸಿಪಿಯು-ಜಡ್ ತೆರೆದು ಮೆಮೊರಿ ಟ್ಯಾಬ್ ನೋಡಿ. ಅಲ್ಲಿ 1600 ಎಂದು ಕಂಡರೆ ಗಾಬರಿ ಬೇಡ, ಡಿಡಿಆರ್ ಎಂದರೆ ಕ್ಲಾಕ್‌ಗೆ ಎರಡು ಸಲ, ಆದ್ದರಿಂದ 3200. ಕಂಟ್ರೋಲರ್ ವೇಗವೂ 1600 ಇದ್ದರೆ ಗೇರ್ 1, ಅದು 800 ಇದ್ದರೆ ಗೇರ್ 2. ರಾತ್ರಿ ಮಲಗುವಾಗ ಪೆನ್‌ಡ್ರೈವಿನಿಂದ ಮೆಮ್‌ಟೆಸ್ಟ್86+ ಹಾಕಿಟ್ಟು ಮಲಗಿ. ಒಂದೇ ಒಂದು ಕೆಂಪು ಸಾಲು ಬಂದರೂ ಎಕ್ಸ್‌ಎಂಪಿ ಆರಿಸಿ ಮತ್ತೊಮ್ಮೆ ಓಡಿಸಿ. ಆಗಲೂ ಬಂದರೆ ಒಂದೊಂದೇ ಸ್ಟಿಕ್ ಹಾಕಿ ಯಾವುದು ಕೆಟ್ಟದ್ದೆಂದು ಹಿಡಿದು ವಾಪಸ್ ಕಳಿಸಿ. ಎಕ್ಸ್‌ಎಂಪಿ ಆರಿಸಿದಾಗ ಸರಿಹೋದರೆ ವೋಲ್ಟೇಜ್ 1.35ಕ್ಕೆ ಏರಿದೆಯೇ ನೋಡಿ, ಏರಿದ್ದೂ ತಪ್ಪು ಬರುತ್ತಿದ್ದರೆ ಆ ಕಿಟ್ ತನ್ನ ಮೇಲೆ ಬರೆದ ವೇಗಕ್ಕೆ ಯೋಗ್ಯವಲ್ಲ.

ಕೂಲರ್ ಬಗ್ಗೆ ಎರಡೇ ಮಾತು. 12400ದ ಡಬ್ಬಿಯಲ್ಲಿ ಬರುವ ಕೂಲರ್ ಸಾಕು, ಭಾರ ಬಿದ್ದಾಗ ಸದ್ದು ಮಾಡುತ್ತದೆ. ಅದರ ನಾಲ್ಕು ಪಿನ್ನುಗಳನ್ನು ಎದುರುಬದುರಾಗಿ ಒತ್ತಿ, ಬೋರ್ಡನ್ನು ತಿರುಗಿಸಿ ಹಿಂದೆ ನಾಲ್ಕೂ ಕವಲೊಡೆದಿವೆಯೇ ನೋಡಿ. ಎಎಂ4ರಲ್ಲಿ ಕೂಲರ್ ಬಿಚ್ಚುವಾಗ ಮೇಲಕ್ಕೆ ಎಳೆಯಬಾರದು, ಒಣಗಿದ ಪೇಸ್ಟಿಗೆ ಅಂಟಿಕೊಂಡ ಪ್ರೊಸೆಸರ್ ಸಾಕೆಟ್ಟಿನಿಂದ ಕಿತ್ತುಬಂದು ಪಿನ್ ಬಗ್ಗುತ್ತದೆ. ಸ್ವಲ್ಪ ಹೊತ್ತು ಓಡಿಸಿ ಬೆಚ್ಚಗಾದ ಮೇಲೆ ಆರಿಸಿ, ತಿರುಚಿ ಬಿಡಿಸಬೇಕು.

12400ದ ಸಾಕೆಟ್ 14ನೇ ತಲೆಮಾರಿಗೆ ನಿಂತಿತು, ಅದು ಅದರ ಮಿತಿ. ಆದರೂ ಮುಂದೆ ಯಾರೋ ಮಾರುವ 13 ಅಥವಾ 14ನೇ ತಲೆಮಾರಿನ ಐ5, ಐ7 ಇದೇ ಬೋರ್ಡಿಗೆ ಕೂರುತ್ತದೆ. ಆ ತಲೆಮಾರುಗಳ ರ‍್ಯಾಪ್ಟರ್ ಲೇಕ್ ಪ್ರೊಸೆಸರುಗಳಲ್ಲಿ ವೋಲ್ಟೇಜ್ ಹೆಚ್ಚಾಗಿ ಹಾಳಾಗುವ ದೋಷ ಇತ್ತು, ಇಂಟೆಲ್ 2024ರಲ್ಲಿ ಮೈಕ್ರೊಕೋಡ್ (ಬಯೋಸ್ ಮೂಲಕ ಪ್ರೊಸೆಸರಿಗೆ ಹೋಗುವ ಒಳ ಸೂಚನೆ) ತಿದ್ದುಪಡಿ ಕೊಟ್ಟಿತು. 12400ಕ್ಕೆ ಆ ದೋಷ ಇಲ್ಲ. ಬದಲಾಯಿಸುವ ದಿನ ಬಂದರೆ 12400 ಕೂತಿರುವಾಗಲೇ 0ಎಕ್ಸ್12ಬಿ ಅಥವಾ ಅದಕ್ಕಿಂತ ಹೊಸ ಮೈಕ್ರೊಕೋಡ್ ಇರುವ ಬಯೋಸ್ ಹಾಕಿ, ಅದಾದ ಮೇಲೆ ಹೊಸದನ್ನು ಕೂರಿಸಿ. ಮೊದಲ ಒಡೆಯನ ಕೈಯಲ್ಲಿ ಆಗಲೇ ಹಾನಿಯಾಗಿದ್ದರೆ ಯಾವ ಬಯೋಸ್‌ನಿಂದಲೂ ಸರಿಹೋಗದು, ಆದ್ದರಿಂದ ಬಳಸಿದ ಪ್ರೊಸೆಸರ್ ಕೊಳ್ಳುವಾಗ ವಾರಂಟಿ ಉಳಿದಿದೆಯೇ ಎಂದು ಕೇಳಿಯೇ ದುಡ್ಡು ಕೊಡಿ.